ದನಕರುಗಳಲ್ಲಿ ರಕ್ತಸಂಚಾರದ ಕುಸಿತ: ಅದರ ಕಾರಣ, ಚಿಹ್ನೆ ಮತ್ತು ಚಿಕಿತ್ಸೆ

ಬೇಸಾಯಗಾರನ ಆಸ್ತಿಯಲ್ಲಿ ಭೂಮಿಯ ತರುವಾಯ ದನಕರುಗಳೇ ಮುಖ್ಯವಾದುವು. ಉಳುವ ಎತ್ತು, ಕರೆಯುವ ಹಸು, ಇವುಗಳಲ್ಲಿ ಒಂದು ಹೋದರೂ ಆ ಮನೆಯ ಜೀವನವು ಬಹುಕಾಲ ಕುಂದುತ್ತದೆ. ನಿಧಾನವಾಗಿ ಬೆಳೆಯುವ ಕಾಯಿಲೆಗಳಲ್ಲಿ ಯೋಚಿಸುವುದಕ್ಕೂ ವೈದ್ಯರನ್ನು ಕರೆಸುವುದಕ್ಕೂ ಅವಕಾಶವಿರುತ್ತದೆ. ಆದರೆ ಬೆಳಿಗ್ಗೆ ನೆಟ್ಟಗೆ ನಿಂತು ಮೇವು ತಿಂದ ರಾಸು, ಕೊಂಬು ಮುರಿದು ರಕ್ತ ಸುರಿದೋ, ಕರು ಹಾಕುವಾಗ ಪೆಟ್ಟಾಗಿಯೋ, ಭೇದಿಯಿಂದ ಬಳಲಿಯೋ ಸಂಜೆಯ ವೇಳೆಗೆ ಮಲಗಿಬಿಟ್ಟು, ಕಿವಿ ಕಾಲುಗಳು ತಣ್ಣಗಾಗಿ ಪ್ರಾಣ ಬಿಡುವುದುಂಟು. ಇಂಥ ಸಾವನ್ನು ದೃಷ್ಟಿ ತಗಲಿತೆಂದೂ ಗಾಳಿ ಸೋಕಿತೆಂದೂ ಹೇಳುವುದು ಹಳ್ಳಿಗಳಲ್ಲಿ ವಾಡಿಕೆ. ವಾಸ್ತವವಾಗಿ ಇದು ರಕ್ತಸಂಚಾರವು ಕುಸಿದುದರ ಫಲ. ವೈದ್ಯರು ಇದನ್ನು ಷಾಕ್ ಎಂದು ಕರೆಯುತ್ತಾರೆ. ಇದಕ್ಕೆ ಕಾರಣಗಳು ಹಲವಾದರೂ ಸಾವಿನ ಕಡೆಗೆ ಒಯ್ಯುವ ದಾರಿ ಒಂದೇ. ಆ ದಾರಿಯ ಮೊದಲ ಘಟ್ಟದಲ್ಲಿಯೇ ಗುರುತಿಸಿದರೆ ಅನೇಕ ರಾಸುಗಳನ್ನು ಉಳಿಸಿಕೊಳ್ಳಬಹುದು. ಕಡೆಯ ಘಟ್ಟದಲ್ಲಿ ನಿಪುಣರಾದ ವೈದ್ಯರು ಬಂದರೂ ಪ್ರಯೋಜನವು ಸ್ವಲ್ಪವೇ. ಆದುದರಿಂದ ಪಶುಪಾಲಕರೆಲ್ಲರೂ ಇದರ ಸ್ವರೂಪವನ್ನು ತಿಳಿದಿರುವುದು ಆವಶ್ಯಕ.

1. ರಕ್ತಸಂಚಾರದ ಸ್ವರೂಪ

ರಕ್ತವು ದೇಹದಲ್ಲಿ ಒಂದೇ ಸಮನೆ ಸುತ್ತುತ್ತಿರುವುದೆಂಬ ಸಂಗತಿಯನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ ಎಂಬ ವೈದ್ಯನು 1628 ರಲ್ಲಿ ಪ್ರಕಟಿಸಿದನು. ಅದೇ ದೇಶದ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿಯು ಒಂದು ಹೆಣ್ಣು ಕುದುರೆಯ ರಕ್ತನಾಳಕ್ಕೆ ಗಾಜಿನ ಉದ್ದ ಕೊಳವೆಯನ್ನು ಜೋಡಿಸಿ ನೋಡಲಾಗಿ, ರಕ್ತವು ಅದರಲ್ಲಿ 8 ಅಡಿ 3 ಅಂಗುಲ ಎತ್ತರಕ್ಕೆ ಏರಿ ನಿಂತಿತು. ರಕ್ತವನ್ನು ಹೊರಕ್ಕೆ ಬಿಡುತ್ತ ಹೋದಂತೆ ಒಟ್ಟಿನಲ್ಲಿ ಆ ಮಟ್ಟವು ಇಳಿಯುತ್ತ ಬಂದು ಕುದುರೆಯು ಸತ್ತಿತು. 1733 ರಲ್ಲಿ ಪ್ರಕಟವಾದ ಈ ಪರೀಕ್ಷೆಯಿಂದ, ಪ್ರಾಣವು ನಿಲ್ಲುವುದಕ್ಕೆ ರಕ್ತವಿದ್ದರೆ ಮಾತ್ರ ಸಾಲದು, ಅದಕ್ಕೆ ತಕ್ಕಷ್ಟು ಒತ್ತಡವೂ ಇರಬೇಕೆಂಬುದು ಸ್ಪಷ್ಟವಾಯಿತು.

ದೊಡ್ಡ ರಾಸಿನ ದೇಹದಲ್ಲಿ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 60 ಮಿಲಿಲೀಟರ್ ರಕ್ತವಿರುತ್ತದೆ. ಈ ಲೆಕ್ಕದಂತೆ 400 ಕಿಲೋಗ್ರಾಂ ತೂಗುವ ಎತ್ತಿನಲ್ಲಿ ಸುಮಾರು 24 ಲೀಟರ್ ಇರುವುದು. ಇದರಲ್ಲಿ ಹತ್ತನೆಯ ಒಂದು ಪಾಲು ಹೋದರೆ ಆರೋಗ್ಯವಾದ ರಾಸು ತಾಳಿಕೊಳ್ಳಬಲ್ಲದು. ಮೂರನೆಯ ಒಂದು ಪಾಲು, ಎಂದರೆ ಸುಮಾರು 8 ಲೀಟರ್, ಒಮ್ಮೆಗೇ ಹೋದರೆ ಪ್ರಾಣಕ್ಕೆ ಅಪಾಯ. 30 ಕಿಲೋಗ್ರಾಂ ತೂಗುವ ಮೇಕೆಯ ಒಟ್ಟು ರಕ್ತವೇ ಸುಮಾರು 2 ಲೀಟರ್ ಆದುದರಿಂದ, ಎತ್ತಿಗೆ ಲೆಕ್ಕಕ್ಕೆ ಬಾರದ ಗಾಯವು ಮೇಕೆಯನ್ನು ಕೊಲ್ಲಬಹುದು.

2. ಕುಸಿತವೆಂದರೇನು?

ಕೆರೆಯ ಕೆಳಗಿನ ಅಚ್ಚುಕಟ್ಟನ್ನು ದೃಷ್ಟಾಂತವಾಗಿ ತೆಗೆದುಕೊಂಡರೆ ಈ ವಿಷಯವು ಸುಲಭವಾಗಿ ತಿಳಿಯುತ್ತದೆ. ಕೆರೆಯಲ್ಲಿ ನೀರು ಕಡಮೆಯಾದ ವರ್ಷ ನೀರುಗಂಟಿಯು ದೂರದ ಗದ್ದೆಗಳ ಕಾಲುವೆಗಳನ್ನು ಕಟ್ಟಿ, ಇರುವ ನೀರನ್ನು ಹತ್ತಿರದ ಗದ್ದೆಗಳಿಗೆ ತಿರುಗಿಸುತ್ತಾನೆ. ದೇಹವೂ ಹಾಗೆಯೇ ಮಾಡುತ್ತದೆ. ರಕ್ತದ ಒತ್ತಡವು ಇಳಿದೊಡನೆ ಚರ್ಮ, ಕಿವಿ, ಕಾಲು, ಕರುಳು ಇವುಗಳ ನಾಳಗಳು ಬಿಗಿದುಕೊಂಡು, ರಕ್ತವು ಹೃದಯಕ್ಕೂ ಮಿದುಳಿಗೂ ಹರಿಯುತ್ತದೆ. ಹೃದಯವು ವೇಗವಾಗಿ ಬಡಿಯುತ್ತದೆ. ಕಿವಿ ತಣ್ಣಗಾಗುವುದಕ್ಕೂ ಒಸಡು ಬಿಳುಪೇರುವುದಕ್ಕೂ ಇದೇ ಕಾರಣ. ಇದು ಮೊದಲ ಘಟ್ಟ. ಈ ಘಟ್ಟದಲ್ಲಿ ರಾಸು ಇನ್ನೂ ಎದ್ದು ನಿಂತಿರಬಹುದು. ನೋಡುವವರು ಬರಿಯ ಬಳಲಿಕೆಯೆಂದು ಸುಮ್ಮನಾಗುವ ಸಂಭವವುಂಟು.

ಆದರೆ ಕಾಲುವೆ ಕಟ್ಟಿದ ಗದ್ದೆಗಳು ಎಷ್ಟು ದಿನ ತಾಳಿಯಾವು? ರಕ್ತವಿಲ್ಲದ ಅಂಗಗಳಿಗೆ ಪ್ರಾಣವಾಯು ದೊರೆಯದೆ ಅಲ್ಲಿ ಆಮ್ಲವು ಸಂಚಯವಾಗುತ್ತದೆ. ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತವೆ. ಕರುಳಿನ ಒಳಪೊರೆಯು ಕೆಟ್ಟು, ಅಲ್ಲಿನ ವಿಷಪದಾರ್ಥಗಳು ರಕ್ತವನ್ನು ಸೇರುತ್ತವೆ. ಕೊನೆಗೆ ಬಿಗಿದಿದ್ದ ನಾಳಗಳು ಸಡಿಲಗೊಂಡು, ಉಳಿದ ಒತ್ತಡವೂ ಇಳಿದು, ಹೃದಯವೇ ಸೋಲುತ್ತದೆ. ಇದು ಕಡೆಯ ಘಟ್ಟ. ಇವೆರಡು ಘಟ್ಟಗಳ ನಡುವಣ ಕಾಲವು ಕೆಲವು ಘಂಟೆಗಳು ಮಾತ್ರ; ಧಾರಾಳವಾಗಿ ರಕ್ತ ಸುರಿಯುವಾಗ ಕೆಲವು ನಿಮಿಷಗಳು ಮಾತ್ರ. ಚಿಕಿತ್ಸೆಯೆಲ್ಲವೂ ಈ ಅವಧಿಯೊಳಗೆ ನಡೆಯಬೇಕು.

3. ಕಾರಣಗಳು

ರಕ್ತಸಂಚಾರವು ನಾಲ್ಕು ಬಗೆಯಾಗಿ ಕುಸಿಯಬಹುದು.

(ಅ) ರಕ್ತವೋ ನೀರಿನ ಅಂಶವೋ ನಷ್ಟವಾಗುವುದು. ಬಯಲುಸೀಮೆಯಲ್ಲಾಗಲಿ ಮಲೆನಾಡಿನಲ್ಲಾಗಲಿ ಹೆಚ್ಚಾಗಿ ಕಂಡುಬರುವುದು ಇದೇ. ಕೊಂಬು ಮುರಿಯುವುದು, ಕುಡುಗೋಲು ನೇಗಿಲುಗುಳಗಳ ಗಾಯ, ಕಷ್ಟದ ಹೆರಿಗೆ, ಗರ್ಭಕೋಶವು ಹೊರಬೀಳುವುದು, ಹೊಟ್ಟೆಯ ಹುಳುಗಳು ರಕ್ತ ಹೀರುವುದು, ಭೇದಿ, ಮೈ ಸುಡುವುದು, ಇವೆಲ್ಲ ಈ ಗುಂಪಿಗೆ ಸೇರಿದುವು. ಹಿಂದೆ ದೇಶದ ದನಗಳನ್ನು ಸಾವಿರಗಟ್ಟಲೆ ಬಲಿ ತೆಗೆದುಕೊಂಡ ದೊಡ್ಡರೋಗದಲ್ಲಿಯೂ ರಾಸುಗಳು ಬಹುಮಟ್ಟಿಗೆ ಭೇದಿಯಿಂದ ನೀರು ಬತ್ತಿಯೇ ಸಾಯುತ್ತಿದ್ದುವು. ಆ ರೋಗವನ್ನು ತಡೆಯುವುದಕ್ಕಾಗಿಯೇ 1925 ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆಯು ಸ್ಥಾಪಿತವಾಯಿತು. 2011 ರಲ್ಲಿ ದೊಡ್ಡರೋಗವು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ರೋಗವು ಹೋದರೂ ನೀರು ಬತ್ತಿ ಸಾಯುವ ರೀತಿಯು ಕರುಗಳ ಭೇದಿಯಲ್ಲಿ ಹಾಗೆಯೇ ಉಳಿದಿದೆ.

ಬಲವಾದ ಪೆಟ್ಟಿನಲ್ಲಿ ರಕ್ತವು ಹೊರಗೆ ಕಾಣದಿದ್ದರೂ ಕುಸಿತವು ಉಂಟಾಗುತ್ತದೆ. ಇದು ಪೆಟ್ಟಾದ ಮಾಂಸದಿಂದ ಹುಟ್ಟುವ ವಿಷದ ಫಲವೆಂದು ಹಿಂದೆ ಅನೇಕರು ನಂಬಿದ್ದರು. ಅಮೆರಿಕದ ಆಲ್ಫ್ರೆಡ್ ಬ್ಲೇಲಾಕ್ ಎಂಬ ಶಸ್ತ್ರವೈದ್ಯನು 1930 ರಲ್ಲಿ, ರಕ್ತವೂ ಅದರ ನೀರೂ ಪೆಟ್ಟಾದ ಅಂಗದೊಳಕ್ಕೇ ಸೋರಿಹೋಗುವುದರಿಂದ ಹೀಗಾಗುವುದೆಂದು ನಾಯಿಗಳ ಮೇಲಣ ಪ್ರಯೋಗಗಳಿಂದ ತೋರಿಸಿದನು. ಆದುದರಿಂದ ಬಾವಿಗೆ ಬಿದ್ದ ರಾಸಾಗಲಿ ಗಾಡಿಯಡಿ ಸಿಕ್ಕಿದ ರಾಸಾಗಲಿ ಗಾಯವಿಲ್ಲದೆ ಎದ್ದು ನಿಂತರೂ ಒಂದು ದಿನವಾದರೂ ಅದನ್ನು ಕಾದು ನೋಡತಕ್ಕದ್ದು.

(ಆ) ನಾಳಗಳು ಸಡಿಲಗೊಳ್ಳುವುದು. ಗಳಲೆ ರೋಗ, ತೀವ್ರವಾದ ಕೆಚ್ಚಲು ಬಾವು, ಕರು ಹಾಕಿದ ಮೇಲೆ ಗರ್ಭಕೋಶವು ಕೊಳೆಯುವುದು, ಇವುಗಳಲ್ಲಿ ರೋಗಾಣುಗಳ ವಿಷವು ರಕ್ತವನ್ನು ಸೇರಿ, ನಾಳಗಳು ಅಗಲವಾಗಿ ಸೋರತೊಡಗುತ್ತವೆ. ರಕ್ತವು ಹೊರಗೆ ಹೋಗದಿದ್ದರೂ ಇರುವ ರಕ್ತವು ಸಾಲದಾಗುತ್ತದೆ. ಹೆಜ್ಜೇನು ಕಡಿದಾಗಲೂ, ಅಪರೂಪವಾಗಿ ಔಷಧದ ಚುಚ್ಚುಮದ್ದು ಒಗ್ಗದಿದ್ದಾಗಲೂ ಕೆಲವೇ ನಿಮಿಷಗಳಲ್ಲಿ ಇದೇ ಅವಸ್ಥೆಯುಂಟಾಗಬಹುದು. ಆಗ ದನಗಳಲ್ಲಿ ಉಸಿರಿನ ಕಷ್ಟವೇ ಮುಂದಾಗಿ ಕಾಣುತ್ತದೆ.

(ಇ) ರಕ್ತವು ಹೃದಯಕ್ಕೆ ಹಿಂದಿರುಗದಂತೆ ಅಡ್ಡಿಯಾಗುವುದು. ಎಳೆಯ ಹಸುರು ಮೇವನ್ನು ಅತಿಯಾಗಿ ಮೇಯ್ದು ಹೊಟ್ಟೆಯುಬ್ಬರವಾದಾಗ, ಉಬ್ಬಿದ ಹೊಟ್ಟೆಯು ಶ್ವಾಸಕೋಶಗಳನ್ನೂ ದೊಡ್ಡ ನಾಳಗಳನ್ನೂ ಅದುಮುತ್ತದೆ. ಗಾಳಿಯನ್ನು ಹೊರಬಿಟ್ಟೊಡನೆ ರಾಸು ಚೇತರಿಸಿಕೊಳ್ಳುವುದು ಇದರಿಂದಲೇ.

(ಈ) ಹೃದಯವೇ ದುರ್ಬಲವಾಗುವುದು. ನುಂಗಿದ ತಂತಿ ಮೊಳೆಗಳು ಹೊಟ್ಟೆಯಿಂದ ಮುಂದೆ ಸರಿದು ಹೃದಯದ ಚೀಲವನ್ನು ಚುಚ್ಚುವುದು, ಎಳೆಯ ಕರುಗಳಿಗೆ ಕಾಲುಬಾಯಿ ಜ್ವರ ತಗಲಿ ಹೃದಯದ ಮಾಂಸವು ಕೆಡುವುದು, ಇವು ಇದಕ್ಕೆ ಉದಾಹರಣೆಗಳು.

ಕೊಳಕುಮಂಡಲದ ಕಡಿತದಲ್ಲಿ ಇವುಗಳಲ್ಲಿ ಎರಡು ಬಗೆ ಕೂಡಿಬರುತ್ತವೆ: ನಾಳಗಳು ಸೋರುತ್ತವೆ, ರಕ್ತವು ಹೆಪ್ಪುಗಟ್ಟದೆ ಹರಿಯುತ್ತದೆ.

4. ಚಿಹ್ನೆಗಳು

ಪರೀಕ್ಷೆಗೆ ಉಪಕರಣಗಳು ಹೆಚ್ಚಾಗಿ ಬೇಕಿಲ್ಲ. ಕೈ, ಕಣ್ಣು, ಗಡಿಯಾರ, ಒಂದು ಜ್ವರಮಾಪಕ ಇಷ್ಟು ಸಾಕು.

ಕಿವಿ ಮತ್ತು ಕಾಲು: ಕಿವಿಯ ತುದಿಯನ್ನೂ ಗೊರಸಿನ ಮೇಲುಭಾಗವನ್ನೂ ಹಿಡಿದು ನೋಡಬೇಕು. ಮೈ ಬೆಚ್ಚಗಿದ್ದು ಇವು ಮಾತ್ರ ತಣ್ಣಗಿದ್ದರೆ ಎಚ್ಚರಗೊಳ್ಳತಕ್ಕದ್ದು.

ಒಸಡು: ಬೆರಳಿನಿಂದ ಒಸಡನ್ನು ಒತ್ತಿ ಬಿಟ್ಟರೆ ಬಿಳುಪಾದ ಜಾಗವು 2 ಸೆಕೆಂಡುಗಳೊಳಗೆ ಮತ್ತೆ ಕೆಂಪಾಗಬೇಕು. 3 ಸೆಕೆಂಡುಗಳಿಗೆ ಮೀರಿದರೆ ರಕ್ತಸಂಚಾರವು ಕುಗ್ಗಿದೆಯೆಂದು ತಿಳಿಯಬೇಕು. ರಕ್ತನಷ್ಟದಲ್ಲಿ ಒಸಡು ಬಿಳಿಚಿಕೊಳ್ಳುತ್ತದೆ. ರೋಗಾಣುಗಳ ವಿಷದಲ್ಲಿ ಮೊದಲು ಇಟ್ಟಿಗೆಯಂತೆ ಕೆಂಪಾಗಿದ್ದು, ಆಮೇಲೆ ನೇರಳೆಬಣ್ಣಕ್ಕೆ ತಿರುಗುತ್ತದೆ. ಒಸಡು ಕಪ್ಪಾಗಿರುವ ರಾಸುಗಳಲ್ಲಿ ಕಣ್ಣಿನ ಕೆಳರೆಪ್ಪೆಯ ಒಳಭಾಗದ ಬಣ್ಣವನ್ನು ನೋಡತಕ್ಕದ್ದು.

ನಾಡಿ: ಬಾಲದ ಬುಡದಿಂದ ಸುಮಾರು ಒಂದು ಗೇಣು ಕೆಳಗೆ, ಅದರ ಒಳಮಗ್ಗುಲಿನ ನಡುವೆ ಬೆರಳಿಟ್ಟರೆ ನಾಡಿ ಸಿಕ್ಕುತ್ತದೆ. ದೊಡ್ಡ ರಾಸಿನಲ್ಲಿ ನಿಮಿಷಕ್ಕೆ 60 ರಿಂದ 80 ಬಡಿತಗಳು ಸಹಜ. ವಿಶ್ರಾಂತಿಯಲ್ಲಿದ್ದಾಗಲೂ 100 ಕ್ಕೆ ಮೀರಿ, ದಾರದಂತೆ ಸಣ್ಣದಾಗಿ ತೋರಿದರೆ ಅದು ಅಪಾಯದ ಚಿಹ್ನೆ.

ಮೈಶಾಖ: ದೊಡ್ಡ ದನಗಳಲ್ಲಿ ಗುದದ್ವಾರದಲ್ಲಿ ನೋಡಿದಾಗ 100.5 ರಿಂದ 102.5 ಡಿಗ್ರಿ ಫಾರೆನ್‌ಹೀಟ್ ಸಹಜ. ರೋಗ ಬಲವಾಗಿರುವಾಗಲೇ ಶಾಖವು 100 ಡಿಗ್ರಿಗಿಂತ ಇಳಿದರೆ ಜ್ವರ ಬಿಟ್ಟಿತೆಂದು ಸಂತೋಷಪಡಕೂಡದು. ಅದು ಕುಸಿತದ ಗುರುತಾಗಿರಬಹುದು.

ಇತರ ಚಿಹ್ನೆಗಳು: ಮಂಕು, ಏಳಲಾರದಿರುವುದು, ಮೆಲುಕು ನಿಲ್ಲುವುದು, ಮೂತ್ರವು ಕಡಮೆಯಾಗುವುದು, ಉಸಿರು ವೇಗವಾಗುವುದು.

5. ಕುಸಿತದೊಂದಿಗೆ ಗೊಂದಲವಾಗುವ ಅವಸ್ಥೆಗಳು

ಕರು ಹಾಕಿದ ಎರಡು ಮೂರು ದಿನಗಳೊಳಗೆ ಹೆಚ್ಚು ಹಾಲು ಕೊಡುವ ಹಸುವು ಮಲಗಿ, ಕುತ್ತಿಗೆಯನ್ನು ಪಕ್ಕೆಯ ಕಡೆಗೆ ತಿರುಗಿಸಿಕೊಂಡು, ಮೈ ತಣ್ಣಗಾಗಿದ್ದರೆ ಅದು ಬಹುಶಃ ಹಾಲುಜ್ವರ. ಇದಕ್ಕೆ ರಕ್ತದಲ್ಲಿ ಸುಣ್ಣದ ಅಂಶವು ಇಳಿದುದೇ ಕಾರಣ. ವೈದ್ಯರು ನಾಳದ ಮೂಲಕ ಕ್ಯಾಲ್ಸಿಯಂ ಕೊಟ್ಟರೆ ಬಹುಮಟ್ಟಿನ ಹಸುಗಳು ಸ್ವಲ್ಪ ಹೊತ್ತಿನಲ್ಲಿಯೇ ಏಳುತ್ತವೆ. ಆದರೆ ಕೆಚ್ಚಲು ಬಾವಿನ ವಿಷದಿಂದ ಬಿದ್ದ ಹಸುವೂ ನೋಡುವುದಕ್ಕೆ ಹಾಗೆಯೇ ಇರುತ್ತದೆ. ಆದಕಾರಣ ಮಲಗಿದ ಹಸುವಿನ ನಾಲ್ಕು ಮೊಲೆಗಳಿಂದಲೂ ಹಾಲು ಹಿಂಡಿ, ಅದು ನೀರಾಗಿದೆಯೇ ಬಣ್ಣ ಕೆಟ್ಟಿದೆಯೇ ಎಂದು ತಪ್ಪದೆ ನೋಡಿ ವೈದ್ಯರಿಗೆ ತಿಳಿಸತಕ್ಕದ್ದು. ಕ್ಯಾಲ್ಸಿಯಂ ಔಷಧವನ್ನು ನಾಳಕ್ಕೆ ಅವಸರದಿಂದ ಕೊಟ್ಟರೆ ಹೃದಯವೇ ನಿಲ್ಲಬಹುದಾದುದರಿಂದ ತಿಳಿಯದವರು ಇದಕ್ಕೆ ಕೈಹಾಕಕೂಡದು.

ಬೇಸಗೆಯಲ್ಲಿ ಬಿಸಿಲು ಬಡಿದು ಬಿದ್ದ ರಾಸಿನ ಮೈ ಸುಡುತ್ತಿರುತ್ತದೆ. ಅದನ್ನು ನೆರಳಿಗೆ ತಂದು, ಮೈಮೇಲೆ ತಣ್ಣೀರು ಹೊಯ್ದು ಗಾಳಿ ಹಾಕಬೇಕು. ಮೈ ತಣ್ಣಗಿರುವ ರಾಸಿಗೆ ಅದೇ ತಣ್ಣೀರು ಅಪಾಯಕರ.

6. ವೈದ್ಯರು ಬರುವವರೆಗೆ ಮಾಡತಕ್ಕ ಶುಶ್ರೂಷೆ

(1) ಮೊದಲು ರಕ್ತವನ್ನು ನಿಲ್ಲಿಸಬೇಕು. ಶುಭ್ರವಾದ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು, ಹತ್ತು ನಿಮಿಷಗಳವರೆಗೆ ತೆಗೆದು ನೋಡದೆ ಬಲವಾಗಿ ಒತ್ತಿ ಹಿಡಿಯಬೇಕು. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನಿಟ್ಟು ಬಿಗಿಯಾಗಿ ಸುತ್ತಬೇಕು. ಮುರಿದ ಕೊಂಬಿಗೂ ಇದೇ ಉಪಾಯ.

(2) ಮಲಗಿದ ರಾಸನ್ನು ಎದೆಯ ಮೇಲೆ ಕುಳಿತಿರುವಂತೆ ಮಾಡಿ, ಎರಡು ಮಗ್ಗುಲಿಗೂ ಹುಲ್ಲಿನ ಕಂತೆ ಅಥವಾ ಮರಳಿನ ಚೀಲಗಳನ್ನು ಒತ್ತುಕೊಡಬೇಕು. ಪಕ್ಕಕ್ಕೆ ಒರಗಿ ಬಿದ್ದರೆ ಹೊಟ್ಟೆಯುಬ್ಬರಿಸಿ ಸಾಯುವ ಭಯವುಂಟು. ಎರಡು ಮೂರು ಘಂಟೆಗಳಿಗೊಮ್ಮೆ ಮಗ್ಗುಲು ಬದಲಾಯಿಸಬೇಕು. ಇಲ್ಲವಾದರೆ ಅಡಿಯಾದ ತೊಡೆಯ ಮಾಂಸವು ಸತ್ತು, ರಾಸು ಬದುಕಿದರೂ ಏಳಲಾರದಾಗುತ್ತದೆ.

(3) ಅಡಿಯಲ್ಲಿ ಒಣಹುಲ್ಲನ್ನು ದಪ್ಪವಾಗಿ ಹರಡಿ, ಮೇಲೆ ಗೋಣಿಚೀಲ ಕಂಬಳಿಗಳನ್ನು ಹೊದಿಸಿ ಗಾಳಿ ಮಳೆಗಳಿಂದ ಮರೆಮಾಡಬೇಕು. ಹತ್ತಿರದಲ್ಲಿ ದೊಡ್ಡ ಬೆಂಕಿಯನ್ನು ಹಾಕಕೂಡದು.

(4) ಎಚ್ಚರವಾಗಿದ್ದು ತಾನಾಗಿಯೇ ಕುಡಿಯುವ ರಾಸಿನ ಮುಂದೆ ಉಗುರು ಬೆಚ್ಚಗಿನ ನೀರನ್ನು ಇಡಬೇಕು.

(5) ಹಾವು ಕಡಿದಿದ್ದರೆ ರಾಸನ್ನು ನಡೆಸದೆ ಇದ್ದಲ್ಲಿಯೇ ನಿಲ್ಲಿಸಬೇಕು. ನಾಗರ, ಕಟ್ಟುಹಾವು ಮತ್ತು ಎರಡು ಬಗೆಯ ಮಂಡಲದ ಹಾವುಗಳ ವಿಷಕ್ಕೂ ಒಂದೇ ಪ್ರತಿವಿಷವು ಈಗ ದೊರೆಯುತ್ತದೆ; ಅದನ್ನು ಬೇಗ ಕೊಟ್ಟಷ್ಟೂ ಫಲ ಹೆಚ್ಚು.

(6) ಕೂಡಲೇ ವೈದ್ಯರಿಗೆ ತಿಳಿಸಬೇಕು. ಕರ್ಣಾಟಕದಲ್ಲಿ 1962 ಎಂಬ ಉಚಿತ ದೂರವಾಣಿ ಸಂಖ್ಯೆಯ ಮೂಲಕ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕರೆಯಬಹುದು. ರಾಸಿನ ಅಂದಾಜು ತೂಕ, ನಾಡಿಯ ಬಡಿತ, ಒಸಡಿನ ಬಣ್ಣ, ಕಾಯಿಲೆ ಆರಂಭವಾದ ವೇಳೆ ಇವನ್ನು ಮೊದಲೇ ಹೇಳಿದರೆ ಬೇಕಾದ ಔಷಧಗಳೊಡನೆ ಅವರು ಬರುವರು.

7. ಮಾಡಕೂಡದ ಕಾರ್ಯಗಳು

ಬಾಲ ತಿರುಚಿ, ಹೊಡೆದು ಏಳಿಸುವುದು, ಬರೆ ಹಾಕುವುದು, ಕಿವಿ ಕೊಯ್ದು ರಕ್ತ ತೆಗೆಯುವುದು: ಇವು ಇರುವ ಅಲ್ಪಸ್ವಲ್ಪ ಶಕ್ತಿಯನ್ನೂ ಕಳೆಯುತ್ತವೆ. ಎಲ್ಲಕ್ಕಿಂತ ಕೆಟ್ಟುದೆಂದರೆ, ಮಂಕಾಗಿ ಬಿದ್ದ ರಾಸಿನ ತಲೆಯನ್ನೆತ್ತಿ ಗೊಟ್ಟದಿಂದ ಎಣ್ಣೆಯನ್ನಾಗಲಿ ಕಷಾಯವನ್ನಾಗಲಿ ಹೊಯ್ಯುವುದು. ನುಂಗಲಾರದ ರಾಸಿನಲ್ಲಿ ಅದು ಶ್ವಾಸಕೋಶವನ್ನು ಸೇರುತ್ತದೆ. ಕುಸಿತದಿಂದ ಉಳಿಯಬಹುದಾಗಿದ್ದ ಎಷ್ಟೋ ರಾಸುಗಳು ಗೊಟ್ಟದಿಂದ ಸತ್ತಿವೆ.

8. ಕರುಗಳ ಭೇದಿ

ಎಳೆಯ ಕರುಗಳ ಸಾವಿಗೆ ಭೇದಿಯು ಮುಖ್ಯ ಕಾರಣಗಳಲ್ಲೊಂದು. ಇದರಲ್ಲಿ ರೈತನ ಕೈಯಿಂದಲೇ ಆಗಬಹುದಾದ ಚಿಕಿತ್ಸೆಯು ಬಹಳವಿದೆ. ಕರುವನ್ನು ಕೊಲ್ಲುವುದು ಬಹುಮಟ್ಟಿಗೆ ರೋಗಾಣುವಲ್ಲ. ಮಲದೊಡನೆ ಹೋಗುವ ನೀರು ಮತ್ತು ಲವಣಗಳ ನಷ್ಟ.

ನಷ್ಟವನ್ನು ಹೀಗೆ ಅಂದಾಜು ಮಾಡಬಹುದು. ಕುತ್ತಿಗೆಯ ಚರ್ಮವನ್ನು ಚಿವುಟಿ ಬಿಟ್ಟರೆ ಅದು 2 ಸೆಕೆಂಡುಗಳೊಳಗೆ ಸಮನಾಗಬೇಕು. ಅದಕ್ಕಿಂತ ಹೆಚ್ಚು ಹೊತ್ತು ಮಡಿಕೆಯಾಗಿಯೇ ನಿಂತು, ಕಣ್ಣುಗುಡ್ಡೆಯು ಒಳಸೇರಿ ಕೆಳರೆಪ್ಪೆಗೂ ಅದಕ್ಕೂ ನಡುವೆ 4 ರಿಂದ 5 ಮಿಲಿಮೀಟರ್ ಸಂದು ಕಂಡರೆ, ದೇಹತೂಕದಲ್ಲಿ ಸುಮಾರು ಶೇಕಡಾ 8 ರಷ್ಟು ನೀರು ಹೋಗಿದೆಯೆಂದು ತಿಳಿಯಬೇಕು. 30 ಕಿಲೋಗ್ರಾಂ ಕರುವಿನಲ್ಲಿ ಇದು 2 ಲೀಟರಿಗೆ ಮೀರಿದ ನಷ್ಟ. ಶೇಕಡಾ 10 ಕ್ಕೆ ಮೀರಿದರೆ ಕಾಲುಗಳು ತಣ್ಣಗಾಗಿ ಕರುವು ಮಲಗುತ್ತದೆ. ಶೇಕಡಾ 12 ರಿಂದ 15 ಕ್ಕೆ ಏರಿದರೆ ಬದುಕುವುದು ಕಷ್ಟ.

ಬೆರಳನ್ನು ಬಾಯಿಗಿಟ್ಟರೆ ಚೀಪುವ ಕರುವಿಗೆ ಬಾಯಿಯ ಮೂಲಕವೇ ನೀರು ಕೊಡಬಹುದು. ಚೀಪದ, ನಿಲ್ಲಲಾರದ ಕರುವಿಗೆ ನಾಳದ ಮೂಲಕ ಕೊಡುವುದೊಂದೇ ದಾರಿ. ವೈದ್ಯರನ್ನು ಕರೆಯುವುದರಲ್ಲಿ ತಡಮಾಡಕೂಡದು. ಬಾಯಿಯ ಮೂಲಕ ಕೊಡುವುದಕ್ಕೆ ಔಷಧದಂಗಡಿಗಳಲ್ಲಿ ದೊರೆಯುವ ಓ.ಆರ್.ಎಸ್. ಪುಡಿಯು ಉತ್ತಮ. ಒಂದು ಲೀಟರಿನ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿನಲ್ಲಿ ಕರಗಿಸಿ, ಉಗುರು ಬೆಚ್ಚಗಿರುವಾಗ ಕೊಡಬೇಕು. ದಿನಕ್ಕೆ ಎರಡು ಮೂರು ಸಾರಿ, ಪ್ರತಿ ಸಾರಿಯೂ 1 ರಿಂದ 2 ಲೀಟರ್ ಕೊಡಬಹುದು. ಮನೆಯ ಸಕ್ಕರೆ ಬೆಲ್ಲಗಳಿಂದ ಮನುಷ್ಯರಿಗೆ ಮಾಡುವ ಪಾನಕವು ಎಳೆಯ ಕರುವಿಗೆ ಒಗ್ಗದು. ಸಕ್ಕರೆಯನ್ನು ಜೀರ್ಣಿಸುವ ದ್ರವವು ಅದರ ಕರುಳಿನಲ್ಲಿ ಇಲ್ಲವಾದುದರಿಂದ ಭೇದಿಯೇ ಹೆಚ್ಚುತ್ತದೆ. ಗ್ಲೂಕೋಸ್ ಇರುವ ಪುಡಿಯೇ ಆಗಬೇಕು. ಉಪ್ಪು ಗ್ಲೂಕೋಸ್‌ಗಳು ಜೊತೆಗೂಡಿದರೆ ಭೇದಿಯಿರುವ ಕರುಳೂ ನೀರನ್ನು ಹೀರಿಕೊಳ್ಳುತ್ತದೆಂಬುದೇ ಇದರ ಮರ್ಮ. 1971 ರಲ್ಲಿ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರು ಈ ಉಪಾಯದಿಂದಲೇ ಕಾಲರಾ ರೋಗಿಗಳ ಮರಣವನ್ನು ಶೇಕಡಾ 4 ಕ್ಕಿಂತ ಕೆಳಗಿಳಿಸಿದರು.

ಭೇದಿಯಾದ ಕರುವಿಗೆ ಹಾಲನ್ನು ಪೂರ್ತಿ ನಿಲ್ಲಿಸುವ ಪದ್ಧತಿಯು ಸರಿಯಲ್ಲ. ಹಾಲಿಲ್ಲದೆ ಕರುವು ಹಸಿವಿನಿಂದ ಸೊರಗುತ್ತದೆ. ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಾರಿ ಕುಡಿಸಿ, ಓ.ಆರ್.ಎಸ್. ನೀರನ್ನು ಎರಡು ಘಂಟೆಗಳ ಅಂತರದಲ್ಲಿ ಬೇರೆಯಾಗಿ ಕೊಡತಕ್ಕದ್ದು.

9. ವೈದ್ಯರ ಚಿಕಿತ್ಸೆ

ನಾಳದ ಮೂಲಕ ಉಪ್ಪುನೀರನ್ನು ಕೊಡುವ ಕ್ರಮವನ್ನು ಸ್ಕಾಟ್ಲೆಂಡಿನ ಥಾಮಸ್ ಲಾಟಾ ಎಂಬ ವೈದ್ಯನು 1832 ರಲ್ಲಿ ಕಾಲರಾ ರೋಗಿಗಳಲ್ಲಿ ಬಳಸಿ ತೋರಿಸಿದನು. ಇಂದಿಗೂ ಚಿಕಿತ್ಸೆಯ ತಳಹದಿ ಅದೇ. ಆದರೆ 400 ಕಿಲೋಗ್ರಾಂ ರಾಸಿನಲ್ಲಿ ಶೇಕಡಾ 8 ರಷ್ಟು ನೀರು ಹೋಗಿದ್ದರೆ ಸಾಧಾರಣವಾದ ಶೇಕಡಾ 0.9 ರ ಉಪ್ಪುನೀರು 32 ಲೀಟರ್ ಬೇಕಾಗುವುದು. ಹಳ್ಳಿಯ ಕೊಟ್ಟಿಗೆಯಲ್ಲಿ ಇದು ದುಸ್ಸಾಧ್ಯ. ಆದಕಾರಣ ವೈದ್ಯರು ಶೇಕಡಾ 7.2 ರ ಗಟ್ಟಿಯಾದ ಉಪ್ಪುನೀರನ್ನು ಪ್ರತಿ ಕಿಲೋಗ್ರಾಂ ತೂಕಕ್ಕೆ 4 ರಿಂದ 5 ಮಿಲಿಲೀಟರಿನಂತೆ, ಸುಮಾರು 2 ಲೀಟರ್ ಮಾತ್ರ ಕೊಡುವುದುಂಟು. ಅದು ಮೈಯೊಳಗಿನ ಇತರ ಭಾಗಗಳಿಂದ ನೀರನ್ನು ರಕ್ತಕ್ಕೆ ಸೆಳೆಯುತ್ತದೆ. ಇದಾದೊಡನೆ ರಾಸು 20 ಲೀಟರಿಗೆ ಕಡಮೆಯಿಲ್ಲದಂತೆ ನೀರು ಕುಡಿಯಬೇಕು. ಕುಡಿಯದಿದ್ದರೆ ವೈದ್ಯರು ಕೊಳವೆಯ ಮೂಲಕ ಹೊಟ್ಟೆಗೆ ಬಿಡುತ್ತಾರೆ. ನೀರನ್ನು ಸಿದ್ಧಪಡಿಸಿಡುವುದು ಮನೆಯವರ ಕರ್ತವ್ಯ.

ರಕ್ತವೇ ಬಹಳವಾಗಿ ಹೋಗಿದ್ದರೆ ಆರೋಗ್ಯವಾದ ಇನ್ನೊಂದು ರಾಸಿನ ರಕ್ತವನ್ನು ಕೊಡಬಹುದು. ದನಗಳಲ್ಲಿ ಮೊದಲ ಸಾರಿ ಹೀಗೆ ಕೊಡುವಾಗ ತೊಂದರೆಯಾಗುವುದು ಅಪರೂಪ. 400 ಕಿಲೋಗ್ರಾಂ ರಾಸಿನಿಂದ ಸುಮಾರು 4 ಲೀಟರ್ ತೆಗೆದರೂ ಅದಕ್ಕೆ ಹಾನಿಯಿಲ್ಲ. ರೋಗಾಣುಗಳ ವಿಷದಲ್ಲಿ ರೋಗಾಣುನಾಶಕ ಔಷಧಗಳೂ, ಚುಚ್ಚುಮದ್ದು ಒಗ್ಗದಿದ್ದಾಗ ಅಡ್ರಿನಲಿನ್ ಔಷಧವೂ, ಹೊಟ್ಟೆಯುಬ್ಬರದಲ್ಲಿ ಗಾಳಿ ಬಿಡುವುದೂ ಮುಖ್ಯ. ಮೂಲಕಾರಣವನ್ನು ತೆಗೆಯದೆ ನೀರನ್ನು ಮಾತ್ರ ಕೊಡುವುದು ಒಡೆದ ಕೆರೆಗೆ ನೀರು ತುಂಬಿದಂತೆ.

10. ಮುಂಜಾಗ್ರತೆ

ಹುಟ್ಟಿದ ಎರಡು ಘಂಟೆಗಳೊಳಗೆ ಕರುವಿಗೆ ಗಿಣ್ಣುಹಾಲನ್ನು ಕುಡಿಸಲು ಆರಂಭಿಸಿ, ಮೊದಲ ದಿನ ತೂಕದ ಹತ್ತನೆಯ ಒಂದು ಪಾಲನ್ನು ಕೊಡಬೇಕು. ಮಳೆಗಾಲಕ್ಕೆ ಮುಂಚೆ ಗಳಲೆ ರೋಗದ ಲಸಿಕೆಯನ್ನು ತಪ್ಪದೆ ಹಾಕಿಸಬೇಕು. ಹಾಲು ಕರೆಯುವ ಮುನ್ನ ಕೈಯನ್ನೂ ಕೆಚ್ಚಲನ್ನೂ ತೊಳೆಯಬೇಕು. ಹಸಿದ ರಾಸುಗಳನ್ನು ಎಳೆಯ ಹಸುರಿಗೆ ಒಮ್ಮೆಗೇ ಬಿಡದೆ, ಮೊದಲು ಒಣಹುಲ್ಲು ತಿನ್ನಿಸಬೇಕು. ಕೊಟ್ಟಿಗೆಯಲ್ಲಿಯೂ ಮೇವಿನಲ್ಲಿಯೂ ತಂತಿ ಮೊಳೆಗಳಿಲ್ಲದಂತೆ ನೋಡಿಕೊಳ್ಳಬೇಕು. ಜ್ವರಮಾಪಕವೊಂದು, ಶುಭ್ರವಾದ ಬಟ್ಟೆಯ ಸುರುಳಿ, ನಾಲ್ಕಾರು ಓ.ಆರ್.ಎಸ್. ಪೊಟ್ಟಣಗಳು ಪ್ರತಿಯೊಂದು ಕೊಟ್ಟಿಗೆಯ ಗೂಡಿನಲ್ಲಿಯೂ ಸಿದ್ಧವಾಗಿರತಕ್ಕದ್ದು. ಇವುಗಳ ಬೆಲೆಯು ಒಂದು ಕರುವಿನ ಬೆಲೆಯ ಮುಂದೆ ಅತ್ಯಲ್ಪ.

ಒಟ್ಟಿನಲ್ಲಿ ನೆನಪಿಡಬೇಕಾದುದು ಇಷ್ಟು: ಕಿವಿ ತಣ್ಣಗಾಗಿ, ಒಸಡು ಬಿಳಿಚಿ, ನಾಡಿ ಸಣ್ಣದಾಗಿ ವೇಗವಾಗಿ ಬಡಿಯುತ್ತಿದ್ದರೆ ರಕ್ತಸಂಚಾರವು ಕುಸಿಯುತ್ತಿದೆ. ರಕ್ತವನ್ನು ನಿಲ್ಲಿಸಿ, ಎದೆಯ ಮೇಲೆ ಕುಳ್ಳಿರಿಸಿ, ಬೆಚ್ಚಗಿಟ್ಟು, ಗೊಟ್ಟವನ್ನು ಮುಟ್ಟದೆ, ಕೂಡಲೇ ವೈದ್ಯರಿಗೆ ತಿಳಿಸತಕ್ಕದ್ದು. ಬೆಳಗಾಗಲಿ ನೋಡೋಣವೆಂದು ಬಿಟ್ಟ ರಾಸು ಬೆಳಗಿನವರೆಗೆ ಉಳಿಯುವುದು ಅಪರೂಪ.